ಹದಿನೈದು ಡಿಗ್ರಿಯೊಳಗೆ

ಮೂರನೇ ದಿನದ ಆಟ ಮುಗಿದು ನಾನು ಬೂಟಿನ ಲೇಸು ಬಿಚ್ಚುತ್ತಿದ್ದಾಗ ತಂಡದ ಮ್ಯಾನೇಜರ್ ಬಂದು ಪಕ್ಕದಲ್ಲಿ ಕೂತರು. ಸಾಮಾನ್ಯವಾಗಿ ಬಾಗಿಲಲ್ಲೇ ನಿಂತು ಹೇಳುವುದನ್ನು ಹೇಳಿ ಹೋಗುವ ಮನುಷ್ಯ. ಕೂತರು ಅಂದಮೇಲೆ ಒಳ್ಳೆಯ ಸುದ್ದಿ ಇರಲಾರದು ಅಂದುಕೊಂಡೆ.

"ಅಂಪೈರ್‌ಗಳು ವರದಿ ಕೊಟ್ಟಿದ್ದಾರೆ," ಅಂದರು. "ನಿನ್ನ ಕೈ ಬಗ್ಗೆ."

ಆಫ್ ಸ್ಪಿನ್ ಬೌಲರ್‌ಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಚೆಂಡು ಬಿಡುವಾಗ ನನ್ನ ಮೊಣಕೈ ನಿಯಮ ಒಪ್ಪುವುದಕ್ಕಿಂತ ಹೆಚ್ಚು ನೆಟ್ಟಗಾಗುತ್ತಿದೆ, ಅಂದರೆ ನಾನು ಬೌಲ್ ಮಾಡುತ್ತಿಲ್ಲ, ಕಲ್ಲು ಎಸೆದ ಹಾಗೆ ಎಸೆಯುತ್ತಿದ್ದೇನೆ ಎಂದು ಅವರಿಗೆ ಅನುಮಾನ ಬಂದಿದೆ. ನಮ್ಮ ಕ್ರಿಕೆಟ್ ಭಾಷೆಯಲ್ಲಿ ಅದಕ್ಕೆ ಚಕ್ಕಿಂಗ್ ಅನ್ನುತ್ತಾರೆ. ಆಟಗಾರರ ನಡುವೆ ಆ ಪದವನ್ನು ಯಾರೂ ಎದುರಿಗೆ ಹೇಳುವುದಿಲ್ಲ. ಕಳ್ಳ ಅಂದಷ್ಟೇ ಭಾರ ಅದಕ್ಕೆ.

ಆಗ ನನಗೆ ಮೂವತ್ತೊಂದು ವರ್ಷ. ಇಂಗ್ಲೆಂಡಿನ ಒಂದು ಕೌಂಟಿ ತಂಡದಲ್ಲಿ ಒಂಬತ್ತನೇ ಬೇಸಿಗೆ. ಒಪ್ಪಂದ ಮುಗಿಯಲು ಇನ್ನೊಂದು ವರ್ಷ ಉಳಿದಿತ್ತು. ನನಗೆ ಸಿಟ್ಟು ಬಂತೇ ಹೊರತು ಭಯವಾಗಲಿಲ್ಲ. ತೋಳು ಮಡಚಿ ಅವರಿಗೆ ತೋರಿಸಿದೆ. "ಈ ಕೈ ಪೂರ್ತಿ ನೆಟ್ಟಗಾಗುವುದೇ ಇಲ್ಲ. ಚಿಕ್ಕಂದಿನಲ್ಲಿ ಮುರಿದದ್ದು. ನೋಡುವವರಿಗೆ ಡೊಂಕಾಗಿ ಕಾಣುತ್ತದೆ, ಅಷ್ಟೇ. ಇದನ್ನು ನಾನು ಹದಿನೈದನೇ ವಯಸ್ಸಿನಿಂದ ಹೇಳುತ್ತಾ ಬಂದಿದ್ದೇನೆ."

"ಗೊತ್ತು," ಅಂದರು ಮ್ಯಾನೇಜರ್. "ಈ ಸಲ ಲ್ಯಾಬ್‌ನಲ್ಲಿ ಹೇಳಬೇಕಾಗುತ್ತದೆ."

ನಾನು ಹೇಳಿದ್ದು ಸುಳ್ಳಲ್ಲ. ಒಂಬತ್ತು ವರ್ಷದವನಿದ್ದಾಗ ಕುಂದಾಪುರದ ಹತ್ತಿರ ಅಜ್ಜಿ ಮನೆಯ ಗೇರುಮರದಿಂದ ಬಿದ್ದು ಬಲ ಮೊಣಕೈ ಮುರಿದುಕೊಂಡಿದ್ದೆ. ಅಪ್ಪ ಆಗಲೇ ಲಂಡನ್‌ನ ವೆಂಬ್ಲಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಅಮ್ಮ ಒಬ್ಬಳೇ ನನ್ನನ್ನು ಎತ್ತಿಕೊಂಡು ಎಲುಬು ಕಟ್ಟುವ ನಾಟಿ ವೈದ್ಯರ ಹತ್ತಿರ ಓಡಿದಳು. ಬಿದಿರಿನ ಸೀಳು ಇಟ್ಟು, ಎಲೆ ಅರೆದು ಹಚ್ಚಿ, ಬಟ್ಟೆ ಸುತ್ತಿ ಕಟ್ಟಿದರು. ಮೂಳೆ ಕೂಡಿತು, ಆದರೆ ಸ್ವಲ್ಪ ಓರೆಯಾಗಿ ಕೂಡಿತು. ಮೂರು ವರ್ಷದ ನಂತರ ನಾವೂ ವೆಂಬ್ಲಿಗೆ ಬಂದೆವು. ಶಾಲೆಯ ಮೈದಾನದಲ್ಲಿ ಚೆಂಡು ತಿರುಗಿಸಿದ ಮೊದಲ ದಿನದಿಂದ ಯಾರಾದರೂ ನನ್ನ ಕೈ ನೋಡಿ ಹುಬ್ಬೇರಿಸಿದರೆ ಗೇರುಮರದ ಕಥೆ ಹೇಳುತ್ತಿದ್ದೆ. ಎಲ್ಲರೂ ಒಪ್ಪುತ್ತಿದ್ದರು. ನಾನೂ ಒಪ್ಪಿಕೊಂಡಿದ್ದೆ.

ಪರೀಕ್ಷೆಯ ದಿನ ಬರುವವರೆಗೆ ಆಡಬಹುದಿತ್ತು. ಆದರೆ ಮುಂದಿನ ಪಂದ್ಯದಲ್ಲಿ ಕ್ಯಾಪ್ಟನ್ ನನ್ನ ಕೈಗೆ ಚೆಂಡು ಕೊಡಲೇ ಇಲ್ಲ. ನಾಲ್ಕು ದಿನ ಮಿಡ್ ಆನ್‌ನಲ್ಲಿ ಫೀಲ್ಡಿಂಗ್ ಮಾಡುತ್ತಾ ನಿಂತೆ. ಪಿಚ್ಚಿನಲ್ಲಿ ಧೂಳೇಳುತ್ತಿತ್ತು, ಸ್ಪಿನ್ನರ್ ಆದವನ ಬಾಯಲ್ಲಿ ನೀರೂರಬೇಕು, ಹಾಗಿತ್ತು. ಕ್ಯಾಪ್ಟನ್ ನನ್ನ ಕಡೆ ನೋಡುತ್ತಿರಲಿಲ್ಲ. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಆದರೂ ಚಹಾ ವಿರಾಮದಲ್ಲಿ ಅವನ ಎದುರು ಕೂರಲು ಮನಸ್ಸಾಗಲಿಲ್ಲ.

ಲ್ಯಾಬ್ ಇದ್ದದ್ದು ಲಂಡನ್ನಿನಿಂದ ಉತ್ತರಕ್ಕೆ ಒಂದೂವರೆ ಗಂಟೆ ರೈಲಿನಲ್ಲಿ, ಒಂದು ವಿಶ್ವವಿದ್ಯಾಲಯದೊಳಗೆ. ಹೊರಗಿನಿಂದ ನೋಡಿದರೆ ಗೋದಾಮು. ಒಳಗೆ ಪೂರ್ತಿ ಉದ್ದದ ಪಿಚ್ಚು, ಅದರ ಸುತ್ತ ಎತ್ತರದಲ್ಲಿ ಕೆಂಪು ದೀಪದ ಕ್ಯಾಮೆರಾಗಳು. ಪರೀಕ್ಷೆ ನಡೆಸಿದ್ದು ಗಂಟುಮೋರೆಯ ವಿಜ್ಞಾನಿಯೇನಲ್ಲ, ನನಗೆ ಅಕ್ಕನಾಗುವ ವಯಸ್ಸಿನ, ನಿಧಾನವಾಗಿ ಮಾತಾಡುವ ಒಬ್ಬ ಮಹಿಳೆ. ಅಂಗಿ ತೆಗೆಸಿ ಭುಜ, ಮೊಣಕೈ, ಮಣಿಕಟ್ಟು, ಬೆನ್ನು ಎಲ್ಲ ಕಡೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿಬಣ್ಣದ ಗುಂಡುಗಳನ್ನು ಅಂಟಿಸಿದರು. ಬೆವರಿಗೆ ಜಾರದಂತೆ ಒಂದೊಂದಕ್ಕೂ ಟೇಪು. ಕ್ಯಾಮೆರಾಗಳು ನನ್ನನ್ನು ನೋಡುವುದಿಲ್ಲ, ಆ ಗುಂಡುಗಳನ್ನು ಮಾತ್ರ ನೋಡುತ್ತವೆ.

ನಾನು ಅವರಿಗೂ ಗೇರುಮರದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, ನನ್ನ ತೋಳನ್ನು ಹಿಡಿದು ಅಳತೆ ತೆಗೆದುಕೊಂಡರು.

"ಹೌದು, ನಿಮ್ಮ ಕೈ ಪೂರ್ತಿ ನೆಟ್ಟಗಾಗುವುದಿಲ್ಲ," ಅಂದರು. "ಆದರೆ ಕೈ ಎಷ್ಟು ಡೊಂಕಾಗಿದೆ ಅನ್ನುವುದು ನಮಗೆ ಬೇಕಿಲ್ಲ. ಡೊಂಕಾಗಿಯೇ ಇದ್ದರೆ ಯಾವ ತಪ್ಪೂ ಇಲ್ಲ. ಕೈ ಭುಜದ ಮಟ್ಟಕ್ಕೆ ಬಂದಲ್ಲಿಂದ ಚೆಂಡು ಬಿಡುವವರೆಗೆ, ಆ ಡೊಂಕು ಎಷ್ಟು ಬಿಚ್ಚಿಕೊಳ್ಳುತ್ತದೆ ಅನ್ನುವುದನ್ನು ನೋಡುತ್ತೇವೆ. ಹದಿನೈದು ಡಿಗ್ರಿಯೊಳಗಿದ್ದರೆ ಸರಿ."

ಹಾಗಾದರೆ ನನಗೇನೂ ತೊಂದರೆಯಿಲ್ಲ ಅಂದುಕೊಂಡೆ. ಮಾಮೂಲಿ ಆಫ್ ಬ್ರೇಕ್ ಆರು, ವೇಗದ ಎಸೆತ ಆರು, ಮತ್ತೆ ಮಾಮೂಲಿ ಆರು, ಹೀಗೆ ಹಾಕಿಸಿದರು. ಆ ವೇಗದ ಎಸೆತವೇ ನನ್ನ ಅನ್ನ. ಓಟದಲ್ಲಿ ಏನೂ ಬದಲಾಗದೆ, ಬ್ಯಾಟುಗಾರನಿಗೆ ಸುಳಿವೇ ಕೊಡದೆ, ಥಟ್ಟನೆ ನುಗ್ಗಿ ಕಾಲಿಗೆ ಬಡಿಯುವ ಚೆಂಡು. ಇಪ್ಪತ್ತು ಓವರ್‌ಗಳ ಆಟದಲ್ಲಿ ನನಗೆ ಜಾಗ ಸಿಕ್ಕಿದ್ದೇ ಅದರಿಂದ. ಬೇಕಂತಲೇ ನಿಧಾನವಾಗಿ ಹಾಕಿ ಪಾರಾಗುವಂತಿಲ್ಲ. ಪಂದ್ಯದ ವಿಡಿಯೋ ಪಕ್ಕದಲ್ಲಿಟ್ಟು ವೇಗ, ತಿರುವು ಎರಡನ್ನೂ ಹೋಲಿಸುತ್ತಾರೆ. ನನಗೆ ಹಾಗೆ ಮಾಡುವ ಉದ್ದೇಶವೂ ಇರಲಿಲ್ಲ. ಜೀವ ಬಿಟ್ಟು ಹಾಕಿದೆ.

ಹತ್ತು ದಿನದ ನಂತರ ದಕ್ಷಿಣ ಲಂಡನ್ನಿನ ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮೇಲ್ ಬಂತು. ಮಾಮೂಲಿ ಎಸೆತ, ಸರಾಸರಿ ಹದಿನೇಳು. ವೇಗದ ಎಸೆತ, ಇಪ್ಪತ್ತಮೂರು. ತಿದ್ದಿಕೊಂಡು ಮತ್ತೆ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಯಾವ ಪಂದ್ಯದಲ್ಲೂ ಬೌಲಿಂಗ್ ಮಾಡುವಂತಿಲ್ಲ.

ಜೊತೆಗೆ ಒಂದು ಚಿಕ್ಕ ವಿಡಿಯೋ ಕಳಿಸಿದ್ದರು. ಕಪ್ಪು ಪರದೆಯ ಮೇಲೆ ಬಣ್ಣದ ಕಡ್ಡಿಗಳಿಂದ ಮಾಡಿದ ಮನುಷ್ಯ ಓಡಿಬಂದು ಬೌಲ್ ಮಾಡುತ್ತಾನೆ. ಮುಖವಿಲ್ಲ, ಗೇರುಮರವಿಲ್ಲ, ಬರೀ ಕಡ್ಡಿಗಳು. ವೇಗದ ಎಸೆತದಲ್ಲಿ ಆ ಕಡ್ಡಿಯ ಕೈ ಸ್ಪಷ್ಟವಾಗಿ ಮಡಚಿ ಬಿಚ್ಚಿಕೊಂಡಿತು. ಅಂಪೈರ್ ಆಗಿದ್ದರೆ ನಾನೇ ವರದಿ ಬರೆದುಕೊಡುತ್ತಿದ್ದೆ. ಎರಡು ರೈಲು ಬಿಟ್ಟೆ. ಮೂರನೆಯದನ್ನು ಹತ್ತಿದ ನೆನಪೂ ಸರಿಯಾಗಿಲ್ಲ.

ಹೆಂಡತಿ ಬೆಂಗಳೂರಿನವಳು, ನಮ್ಮ ಮನೆಯಿದ್ದ ಕ್ರೋಯ್ಡನ್ನಿನಲ್ಲೇ ಕೌನ್ಸಿಲ್ ಕಚೇರಿಯಲ್ಲಿ ಕೆಲಸ. ಆ ವಿಡಿಯೋವನ್ನು ನಾಲ್ಕೈದು ಸಲ ನೋಡಿದಳು. "ನೀನು ಬೇಕಂತ ಮಾಡಿದ್ದಲ್ಲ ಅಲ್ವಾ?" ಅಂದಳು.

"ಅಲ್ಲ."

"ಹಾಗಾದ್ರೆ ಸರಿ ಮಾಡ್ಕೋಬಹುದಾ ನೋಡು. ನಾಚಿಕೆಪಟ್ಕೊಂಡು ಕೂತ್ರೆ ಚಳಿಗಾಲ ಮುಗಿದುಹೋಗತ್ತೆ."

ಹೆಚ್ಚು ಕಷ್ಟವಾದದ್ದು ವೆಂಬ್ಲಿಗೆ ಹೋಗಿ ಅಮ್ಮನಿಗೆ ಹೇಳುವುದು. ಸುದ್ದಿ ಆಗಲೇ ಇಂಟರ್‌ನೆಟ್ಟಿನಲ್ಲಿತ್ತು. ಅಪ್ಪ ಕೆಲಸ ಮಾಡುವ ಹೋಟೆಲಿಗೆ ಬಂದ ಯಾರೋ ಗಿರಾಕಿ ಹೇಳಿದ್ದರಂತೆ. ನಾನು ಭಾನುವಾರ ಹೋದಾಗ ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

"ನಿನ್ ಕೈ ನಾನೇ ಹಾಳ್ ಮಾಡಿದ್ದ್," ಅಂದಳು. "ಅವತ್ತ್ ದೊಡ್ಡಾಸ್ಪತ್ರೆಗ್ ಕರ್ಕಂಡ್ ಹೋಯ್ಕಿತ್ತ್. ದುಡ್ಡಿಗ್ ಹೆದ್ರಿ ವೈದ್ಯರ ಹತ್ರ ಹೋದೆ. ಈಗ ನಿನ್ ಕೆಲಸಕ್ಕೇ ಕುತ್ತ್ ಬಂತಲ್ದಾ."

ಇಪ್ಪತ್ತೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನಾನು ಗೇರುಮರದ ಕಥೆಯನ್ನು ಅಂಪೈರ್‌ಗಳಿಗೆ, ಕೋಚ್‌ಗಳಿಗೆ, ಪತ್ರಿಕೆಯವರಿಗೆ ಹೇಳಿದಾಗಲೆಲ್ಲ ಅವಳಿಗೆ ಅದು ತನ್ನ ತಪ್ಪಿನ ಕಥೆಯಾಗಿ ಕೇಳಿಸಿತ್ತು.

ಗ್ಯಾಸ್ ಸಣ್ಣ ಮಾಡಿಸಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಸೌಟು ಕೈಗೆ ತೆಗೆದುಕೊಂಡು ಅಡುಗೆಮನೆಯಲ್ಲೇ ನಿಧಾನವಾಗಿ ಕೈ ತಿರುಗಿಸಿ ತೋರಿಸಿದೆ. "ನೋಡಮ್ಮಾ. ಹೀಗೆ ಡೊಂಕಾಗಿ ಬಂದು ಡೊಂಕಾಗೇ ಹೋದರೆ ತಪ್ಪಿಲ್ಲ. ಲ್ಯಾಬಿನವರೇ ಹೇಳಿದ್ದು. ಡೊಂಕಾಗಿ ಬಂದದ್ದು ಕೊನೆಗೆ ಹೀಗೆ ಚಿಮ್ಮಿದರೆ ತಪ್ಪು. ಈ ಚಿಮ್ಮುವುದನ್ನು ನಾನೇ ಕಲಿತದ್ದು. ಚೆಂಡು ಜೋರಾಗಿ ಹೋಗಲಿ ಅಂತ."

ಅವಳು ನನ್ನ ಮೊಣಕೈಯನ್ನೇ ನೋಡಿದಳು. "ಹಂಗಾರೆ ಇದ್ ಮರದಿಂದ ಬಿದ್ದದ್ದಕ್ಕಲ್ದಾ?"

"ಅಲ್ಲ. ಇದು ನಾನೇ ಮಾಡಿಕೊಂಡದ್ದು."

ನನ್ನ ಕೈಯಿಂದ ಸೌಟು ತೆಗೆದುಕೊಂಡಳು. ಆಮೇಲೆ ಎದ್ದು ಗ್ಯಾಸ್ ದೊಡ್ಡದು ಮಾಡಿದಳು. "ನೀನೇ ಮಾಡಿದ್ದಾದ್ರೆ ನೀನೇ ಸರಿ ಮಾಡ್," ಅಂದಳು. "ಈಗ ಉಂಬುಕೆ ಕೂಕೊ." ಅವತ್ತು ಅವಳು ಎಂದಿಗಿಂತ ಹೆಚ್ಚು ಮಾತಾಡಿದಳು. ನನಗೂ ಹಗುರವಾಯಿತು. ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅಕ್ಟೋಬರ್ ಎರಡನೇ ವಾರ ಒಳಾಂಗಣ ನೆಟ್ಸ್‌ನಲ್ಲಿ ಕೆಲಸ ಶುರುವಾಯಿತು. ನಮ್ಮ ಬೌಲಿಂಗ್ ಕೋಚ್ ಅರವತ್ತು ದಾಟಿದ ಇಂಗ್ಲಿಷ್ ಮನುಷ್ಯ. ಒಂದು ಕಾಲದಲ್ಲಿ ತಾನೂ ಸ್ಪಿನ್ನರ್. ಮೊದಲ ದಿನ ಚೆಂಡನ್ನೇ ಮುಟ್ಟಿಸಲಿಲ್ಲ. ಕಡ್ಡಿ ಮನುಷ್ಯನ ವಿಡಿಯೋವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ, ಮೊಣಕೈಯನ್ನು ಕೈಯಿಂದ ಮುಚ್ಚಿ ಹಿಡಿದರು.

"ಮೊಣಕೈ ಬಿಟ್ಟುಬಿಡು. ಬೇರೆ ಏನು ಕಾಣುತ್ತದೆ?"

ನನಗೇನೂ ಕಾಣಲಿಲ್ಲ. ಮತ್ತೆ ಮತ್ತೆ ಓಡಿಸಿದರು. ಆಮೇಲೆ ಕಂಡಿತು. ಎಡಗೈ. ಚೆಂಡು ಬಿಡುವ ಮುಂಚೆ ಬೌಲರ್‌ನ ಎಡಗೈ ಬ್ಯಾಟುಗಾರನ ಕಡೆ ಎತ್ತರದಲ್ಲಿರಬೇಕು, ಅದನ್ನು ಕೆಳಗೆಳೆದಾಗ ಬಲಭುಜ ತಾನಾಗಿ ಮೇಲೆ ಬರಬೇಕು. ನನ್ನದು ಮೊದಲೇ ಸೊಂಟಕ್ಕೆ ಬಿದ್ದುಹೋಗುತ್ತಿತ್ತು. ಎದೆ ಬೇಗ ತೆರೆದುಕೊಳ್ಳುತ್ತಿತ್ತು. ಭುಜದ ಶಕ್ತಿ ಅಲ್ಲಿಗೇ ಮುಗಿದು, ಉಳಿದ ಕೆಲಸವನ್ನು ಮೊಣಕೈ ಮಾಡುತ್ತಿತ್ತು.

"ಮೊಣಕೈ ಕಳ್ಳನಲ್ಲ," ಅಂದರು ಕೋಚ್. "ಬೇರೆಯವರು ರಜೆ ಹಾಕಿದ್ದಕ್ಕೆ ಅದು ಎರಡು ಪಾಳಿ ದುಡಿಯುತ್ತಿದೆ."

ಮೊದಲ ಮೂರು ವಾರ ಒಂದು ಮಂಡಿ ನೆಲಕ್ಕೂರಿ ಬೌಲ್ ಮಾಡಿದೆ. ಓಟವಿಲ್ಲ, ಜಿಗಿತವಿಲ್ಲ. ಎಡಗೈ ಎತ್ತು, ಕೆಳಗೆ ಎಳೆ, ಬಿಡು. ಮೊಣಕೈಗೆ ಹಗುರವಾದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಕೈ ಬಿಚ್ಚಿಕೊಳ್ಳಲು ಹೋದರೆ ಪಟ್ಟಿ ಚರ್ಮಕ್ಕೆ ಒತ್ತುತ್ತಿತ್ತು. ಪ್ರತಿ ಆರು ಎಸೆತಕ್ಕೊಮ್ಮೆ ಫೋನಿನಲ್ಲಿ ನಿಧಾನಗತಿಯ ವಿಡಿಯೋ. ನವೆಂಬರ್‌ನಲ್ಲಿ ನಿಂತು ಹಾಕಲು ಬಿಟ್ಟರು, ಆಮೇಲೆ ಎರಡು ಹೆಜ್ಜೆ, ಆಮೇಲೆ ನಾಲ್ಕು. ನನ್ನ ಹಳೆಯ ಓಟ ಎಂಟು ಹೆಜ್ಜೆಯದು. ಅದಕ್ಕೆ ಎಂದೂ ವಾಪಸ್ ಹೋಗಲಿಲ್ಲ.

ವಿಡಿಯೋದಲ್ಲಿ ಕೈ ಚೆನ್ನಾಗಿ ಕಾಣತೊಡಗಿತು. ಚೆಂಡು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಒಂಬತ್ತು ವರ್ಷ ಸಂಬಳ ತೆಗೆದುಕೊಂಡು ಬೌಲ್ ಮಾಡಿದವನು ಎರಡು ಸಲ ಪಕ್ಕದ ನೆಟ್‌ನೊಳಕ್ಕೆ ಹಾಕಿದೆ. ಬಿದ್ದ ಚೆಂಡು ತಿರುಗುತ್ತಿರಲಿಲ್ಲ. ಮೊಣಕೈ ಚಿಮ್ಮುವುದರಿಂದ ಬರುತ್ತಿದ್ದ ತಿರುವನ್ನು ಈಗ ಬೆರಳಿನಿಂದಲೇ ತರಬೇಕಿತ್ತು. ತೋರುಬೆರಳಿನ ಚರ್ಮ ಹರಿದು, ಗಟ್ಟಿಯಾಗಿ, ಮತ್ತೆ ಹರಿಯಿತು. ಅನ್ನ ಕಲಸುವಾಗ ಸಾರು ತಾಗಿದರೆ ಉರಿಯುತ್ತಿತ್ತು. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದೆ.

ಡಿಸೆಂಬರ್‌ನಲ್ಲಿ ನಮ್ಮ ವಿಕೆಟ್ ಕೀಪರ್ ಬ್ಯಾಟ್ ಹಿಡಿದು ಎದುರಿಗೆ ನಿಂತ. ನಾನೂ ಅವನೂ ಒಂದೇ ವರ್ಷ ತಂಡಕ್ಕೆ ಬಂದವರು. ನನ್ನನ್ನು ನೋಯಿಸಬಾರದೆಂದು ಮೊದಲೆರಡು ಓವರ್ ಮರ್ಯಾದೆಯಿಂದ ಆಡಿದ. ಆಮೇಲೆ ಹೊಡೆಯದೆ ಇರಲು ಅವನಿಂದಲೂ ಆಗಲಿಲ್ಲ. ಹೊಡೆದ ಚೆಂಡುಗಳು ಹಿಂದಿನ ಪರದೆಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ.

"ನಿಜ ಹೇಳಲಾ?" ಅಂದ, ಹೆಲ್ಮೆಟ್ ತೆಗೆದು.

"ಹೇಳು."

"ಮೊದಲು ನಿನ್ನೆದುರು ನಿಂತರೆ ಭಯವಾಗುತ್ತಿತ್ತು. ಈಗ ಇಲ್ಲ."

ಅವತ್ತು ಮನೆಗೆ ಹೋಗಿ, ಆಟ ಬಿಟ್ಟವರು ಕೋಚ್ ಆಗಲು ಬರೆಯುವ ಲೆವೆಲ್ ಟೂ ಪರೀಕ್ಷೆಗೆ ಅರ್ಜಿ ಹೇಗೆ ಹಾಕುವುದು ಎಂದು ಹುಡುಕಿದೆ. ಹೆಂಡತಿ ಪಕ್ಕದಲ್ಲಿ ಕೂತು ನೋಡಿದಳು. ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಇದು ಎಲ್ಲೂ ಓಡಿಹೋಗಲ್ಲ, ಮಾರ್ಚ್ ಆದ್ಮೇಲೂ ಇರತ್ತೆ," ಅಂತಷ್ಟೇ ಅಂದಳು.

ಜನವರಿಯಲ್ಲಿ ಚೆಂಡು ಮೆಲ್ಲಗೆ ಮಾತು ಕೇಳತೊಡಗಿತು. ಯಾವ ದಿನ ಎಂದು ಹೇಳಲಾರೆ. ಒಂದು ಬೆಳಿಗ್ಗೆ, ಹೊರಗೆ ಹಿಮ ಕರಗಿ ಕಾರ್ ಪಾರ್ಕಿನಲ್ಲಿ ಕೆಸರಾಗಿತ್ತು, ನಾನು ಬಿಟ್ಟ ಚೆಂಡು ಬ್ಯಾಟುಗಾರನ ಕಣ್ಣಮಟ್ಟಕ್ಕಿಂತ ಮೇಲೇರಿ, ಅವನು ಅಂದುಕೊಂಡದ್ದಕ್ಕಿಂತ ಒಂದಡಿ ಹಿಂದೆಯೇ ಇಳಿಯಿತು. ಕೋಚ್ ಬಂದು ಚೆಂಡು ಬಿದ್ದ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಎಡಗೈ ಮೇಲಿದ್ದರೆ ಚೆಂಡು ತಾನಾಗಿ ಮೇಲೇರುತ್ತಿತ್ತು. ಹಳೆಯ ಶೈಲಿಯಲ್ಲಿ ನನಗೆ ಎಂದೂ ಸಿಗದ ಎತ್ತರ ಅದು. ವೇಗವಾಗಿ ಹಾಕುವ ಅವಸರದಲ್ಲಿ ನಾನು ಅದನ್ನು ಹುಡುಕಿಯೂ ಇರಲಿಲ್ಲ.

ಫೆಬ್ರವರಿ ಕೊನೆಗೆ ಮತ್ತೆ ಲ್ಯಾಬಿಗೆ ಹೋದೆ. ಆ ಮಹಿಳೆ ನನ್ನನ್ನು ಮರೆತಿರಲಿಲ್ಲ. ಈ ಸಲ ಕಥೆ ಏನೂ ಹೇಳಲಿಲ್ಲ. ಗುಂಡು ಅಂಟಿಸಿಕೊಂಡು ಹಾಕಿ ಬಂದೆ.

ಮಾಮೂಲಿ ಎಸೆತ, ಹತ್ತು. ವೇಗದ ಎಸೆತ, ಹದಿನೇಳು.

ಎರಡೇ ಡಿಗ್ರಿ. ಕೈಯಲ್ಲಿ ಅದನ್ನು ತೋರಿಸಲೂ ಆಗುವುದಿಲ್ಲ, ಅಷ್ಟು ಸಣ್ಣದು. ತಂಡದ ನಿರ್ದೇಶಕರು ಕ್ಯಾಪ್ಟನ್ ಮತ್ತು ಕೋಚ್ ಜೊತೆ ನನ್ನನ್ನು ಕರೆಸಿದರು. ನಿರ್ದೇಶಕರ ಮಾತು ನ್ಯಾಯವಾಗಿಯೇ ಇತ್ತು. ಇಷ್ಟು ಹತ್ತಿರ ಬಂದಿದ್ದಾನೆ, ಇನ್ನೆರಡು ತಿಂಗಳು ಆ ಎಸೆತದ ಮೇಲೇ ಕೆಲಸ ಮಾಡಲಿ, ಜೂನ್‌ನಲ್ಲಿ ಇಪ್ಪತ್ತು ಓವರ್‌ಗಳ ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಪಾಸಾಗಲಿ. ಆ ಎಸೆತವಿಲ್ಲದಿದ್ದರೆ ಆ ಪಂದ್ಯಾವಳಿಗೆ ನಿನ್ನನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದೂ ನೇರವಾಗಿ ಹೇಳಿದರು. ಇನ್ನೊಂದು ದಾರಿಯೂ ಇತ್ತು. ಮಾಮೂಲಿ ಎಸೆತ ಪಾಸಾಗಿರುವುದರಿಂದ, ವೇಗದ ಎಸೆತವನ್ನು ಹಾಕುವುದಿಲ್ಲ ಎಂಬ ಷರತ್ತಿನ ಮೇಲೆ ಈಗಲೇ ಆಡಬಹುದು. ಷರತ್ತು ಮುರಿದರೆ ಮತ್ತೆ ನಿಷೇಧ, ಆಗ ಬಹುಶಃ ಶಾಶ್ವತ.

ಒಂದು ದಿನ ಸಮಯ ಕೇಳಿದೆ. ಮರುದಿನ ಬೆಳಿಗ್ಗೆ ನೆಟ್ಸ್‌ಗೆ ಹೋಗಿ ಕೋಚ್‌ಗೆ, "ವೇಗದ್ದು ಇಪ್ಪತ್ತು ಹಾಕ್ತೀನಿ, ನೋಡಿ," ಅಂದೆ. ಹಾಕಿದೆ. ಅವರು ವಿಡಿಯೋ ತೋರಿಸಲು ಬಂದಾಗ ಬೇಡ ಅಂದೆ. ನನಗೆ ಬೇಕಾದದ್ದು ಬೇರೆ. ಆ ಇಪ್ಪತ್ತು ಹಾಕಿದ ಕೂಡಲೇ ಮಾಮೂಲಿ ಎಸೆತ ಆರು ಹಾಕಿದೆ. ಎಡಗೈ ಮತ್ತೆ ಕೆಳಗೆ ಬಿದ್ದಿತ್ತು. ನೋಡದೆಯೇ ಗೊತ್ತಾಯಿತು. ಐದು ತಿಂಗಳು ಕಟ್ಟಿದ್ದನ್ನು ಆ ಇಪ್ಪತ್ತು ಎಸೆತ ಅಲುಗಾಡಿಸಿತ್ತು.

"ಎರಡೂ ಒಂದೇ ಕೈಯಲ್ಲಿ ಇರಲ್ಲ," ಅಂದೆ.

ಕೋಚ್ ಚೆಂಡುಗಳನ್ನು ಬುಟ್ಟಿಗೆ ಹಾಕುತ್ತಿದ್ದರು. "ಇದನ್ನು ನಾನು ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ," ಅಂದರು.

ಮಧ್ಯಾಹ್ನ ನಿರ್ದೇಶಕರ ಹತ್ತಿರ ಹೋಗಿ ವೇಗದ ಎಸೆತವನ್ನು ಬಿಡುತ್ತೇನೆ ಎಂದು ಬರೆದುಕೊಟ್ಟೆ. ನನ್ನ ಗಳಿಕೆಯ ದೊಡ್ಡ ಪಾಲು ಅದರ ಜೊತೆ ಹೋಯಿತು. ಬರೆದುಕೊಟ್ಟು ಹೊರಗೆ ಬಂದಾಗ ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಹಸಿವಾಗಿತ್ತು. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಎರಡು ಸ್ಯಾಂಡ್‌ವಿಚ್ ತಿಂದೆ.

ಏಪ್ರಿಲ್, ಮೇ ತಿಂಗಳು ಎರಡನೇ ತಂಡದಲ್ಲಿ ಆಡಿದೆ. ನೋಡಲು ಬರುವವರು ಹತ್ತೋ ಹದಿನೈದೋ ಜನ, ಅವರಲ್ಲಿ ಅರ್ಧ ನಾಯಿ ತಿರುಗಾಡಿಸಲು ಬಂದವರು. ಆಗಲೇ ಉದ್ದ ತೋಳಿನ ಅಂಗಿ ಬಿಟ್ಟು ಗಿಡ್ಡ ತೋಳಿನದು ಹಾಕಲು ಶುರುಮಾಡಿದೆ. ಮೊದಲೆಲ್ಲ ಬಿಸಿಲಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಳ್ಳುತ್ತಿದ್ದೆ. ಈಗ ಡೊಂಕು ಕೈ ಎಲ್ಲರಿಗೂ ಕಾಣಲಿ ಅನಿಸಿತು. ಕಂಡರೆ ಅನುಮಾನ ಕಡಿಮೆ. ಮೊದಲ ಪಂದ್ಯದಲ್ಲಿ ಚೆನ್ನಾಗಿ ಹೊಡೆಸಿಕೊಂಡೆ, ಎರಡನೆಯದರಲ್ಲೂ. ಮೂರನೆಯದರಲ್ಲಿ ಯಾರೂ ಸಿಕ್ಸರ್ ಹೊಡೆಯಲಿಲ್ಲ. ಜುಲೈನಲ್ಲಿ ಮೊದಲ ತಂಡದ ಸ್ಪಿನ್ನರ್‌ಗೆ ಹಿಮ್ಮಡಿ ನೋವು ಬಂದು ನನಗೆ ಕರೆ ಬಂತು.

ಪಂದ್ಯ ಇದ್ದದ್ದು ನಗರದ ಅಂಚಿನ ಒಂದು ಮೈದಾನದಲ್ಲಿ, ನಮ್ಮ ಮನೆಯಿಂದ ಟ್ರ್ಯಾಮ್‌ನಲ್ಲಿ ಅರ್ಧ ಗಂಟೆ. ಅಂಗಳಕ್ಕಿಳಿದಾಗ ನೋಡಿದರೆ, ಹಿಂದಿನ ವರ್ಷ ನನ್ನ ಮೇಲೆ ವರದಿ ಬರೆದ ಇಬ್ಬರಲ್ಲಿ ಹಿರಿಯ ಅಂಪೈರ್ ಅಲ್ಲೇ ನಿಂತಿದ್ದರು. ಬೌಲ್ ಮಾಡುವ ಮುಂಚೆ ನನ್ನ ಟೋಪಿ ಅವರ ಕೈಗೇ ಕೊಡಬೇಕಿತ್ತು.

"ಹೇಗಿದ್ದೀಯ?" ಅಂದರು.

"ಚೆನ್ನಾಗಿದ್ದೇನೆ."

"ನಾನು ಕಂಡದ್ದನ್ನು ಬರೆದೆ," ಅಂದರು. ಕ್ಷಮೆಯೂ ಅಲ್ಲ, ಸಮರ್ಥನೆಯೂ ಅಲ್ಲ.

"ನೀವು ಕಂಡದ್ದು ಸರಿಯಾಗಿತ್ತು," ಅಂದೆ. ಅವರು ನನ್ನ ಟೋಪಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನಾಲ್ಕು ದಿನ ನಮ್ಮ ನಡುವೆ ಆ ವಿಷಯ ಬರಲಿಲ್ಲ.

ನಾಲ್ಕನೇ ದಿನ ಎದುರಾಳಿಗಳು ಗೆಲ್ಲುವ ಆಸೆ ಬಿಟ್ಟು ಡ್ರಾ ಮಾಡಿಕೊಳ್ಳಲು ಆಡುತ್ತಿದ್ದರು. ಪಿಚ್ಚು ಚಪ್ಪಟೆ. ಊಟದ ನಂತರ ಕ್ಯಾಪ್ಟನ್ ಚೆಂಡನ್ನು ನನ್ನ ಕೈಗಿಟ್ಟು, "ನಾನು ಹೇಳುವವರೆಗೆ ಈ ತುದಿ ನಿನ್ನದು," ಅಂದ. ವೇಗದ ಬೌಲರ್‌ಗಳನ್ನು ಇನ್ನೊಂದು ತುದಿಯಿಂದ ಸರದಿಯಲ್ಲಿ ಬಳಸುವುದು, ಅವರು ಉಸಿರು ತೆಗೆದುಕೊಳ್ಳುವಾಗ ನಾನು ರನ್ ಕೊಡದೆ ಕಟ್ಟಿಹಾಕುವುದು, ಇದು ಯೋಜನೆ. ಅವನು ಹೇಳಲೇ ಇಲ್ಲ. ಎರಡು ಗಂಟೆ, ಚಹಾ, ಮತ್ತೆ ಎರಡು ಗಂಟೆ. ನಾಲ್ಕು ಹೆಜ್ಜೆ, ಎಡಗೈ, ಬೆರಳು. ಮೊದಲ ವಿಕೆಟ್ ಸಿಕ್ಕಿದ್ದು ಇಪ್ಪತ್ತು ಓವರ್ ಹಾಕಿದ ಮೇಲೆ, ತಾಳ್ಮೆ ಕೆಟ್ಟ ಬ್ಯಾಟುಗಾರ ಮುಂದೆ ಬಂದು ಸ್ಟಂಪ್ ಆದಾಗ.

ಕೊನೆಯ ಅರ್ಧ ಗಂಟೆಗೆ ಎರಡು ವಿಕೆಟ್ ಬೇಕಿತ್ತು. ಮೂರು ಗಂಟೆಯಿಂದ ಒಂದೇ ಸಮನೆ ತಡೆಯುತ್ತಿದ್ದ ಎಡಗೈ ಆಟಗಾರ ನನ್ನೆದುರಿಗಿದ್ದ. ಕೀಪರ್ ಗ್ಲೌಸಿನಿಂದ ಎರಡು ಸಲ ತೊಡೆ ತಟ್ಟಿದ. ನಮ್ಮ ಹಳೆಯ ಸಂಜ್ಞೆ ಅದು. ವೇಗದ್ದು ಹಾಕು. ಅವನು ಬೇಕಂತ ಮಾಡಿದ್ದಲ್ಲ, ಅಭ್ಯಾಸಬಲ. ಆದರೆ ಅದೇ ಚೆಂಡು ಅಲ್ಲಿ ಬೇಕಾಗಿತ್ತು ಅನ್ನುವುದು ನಿಜ. ಆ ಮನುಷ್ಯನ ಮುಂಗಾಲು ತೂಕಡಿಸುತ್ತಿತ್ತು, ಹಿಂದಿನ ವರ್ಷವಾಗಿದ್ದರೆ ಒಂದೇ ಎಸೆತ ಸಾಕಿತ್ತು. ಒಂದೇ ಒಂದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ನನ್ನ ಬೆರಳು ಆಗಲೇ ಆ ಹಿಡಿತಕ್ಕೆ ಸರಿದಿತ್ತು.

ನಿಂತೆ. ಚೆಂಡನ್ನು ಎಡಗೈಗೆ ಹಾಕಿಕೊಂಡು ಬಲಗೈ ಒರೆಸಿಕೊಂಡೆ. ಕೀಪರ್ ಕಡೆ ನೋಡಿ ಇಲ್ಲ ಎಂದು ತಲೆಯಾಡಿಸಿದೆ. ಅವನಿಗೆ ಆಗ ನೆನಪಾಗಿ ಕೈಯೆತ್ತಿ ಸಾರಿ ಅಂದ. ಓಡಿಬಂದು, ಇನ್ನೂ ನಿಧಾನವಾಗಿ, ಇನ್ನೂ ಎತ್ತರಕ್ಕೆ ಬಿಟ್ಟೆ. ಚೆಂಡು ಬರುವುದರೊಳಗೆ ಅವನ ಬ್ಯಾಟು ಮುಂದೆ ಹೋಗಿ ಆಗಿತ್ತು. ಗ್ಲೌಸಿಗೆ ತಾಗಿ ಮೆಲ್ಲಗೆ ಮೇಲೆದ್ದದ್ದನ್ನು ಶಾರ್ಟ್ ಲೆಗ್‌ನಲ್ಲಿದ್ದವನು ಮುಂದಕ್ಕೆ ಬಿದ್ದು ಹಿಡಿದ.

ಕೊನೆಯ ವಿಕೆಟ್ ನನ್ನದಲ್ಲ. ಮುಂದಿನ ಓವರಿನಲ್ಲಿ ನಮ್ಮ ವೇಗದ ಬೌಲರ್ ಯಾರ್ಕರ್ ಹಾಕಿ ಮುಗಿಸಿದ. ಎಲ್ಲರೂ ಅವನ ಕಡೆ ಓಡಿದರು, ನಾನೂ ಓಡಿದೆ. ಕಾಲು ಮಾತ್ರ ಅಷ್ಟು ಬೇಗ ಓಡಲಿಲ್ಲ. ಅಂಪೈರ್ ನನ್ನ ಟೋಪಿ ವಾಪಸ್ ಕೊಟ್ಟು ಕೈಕುಲುಕಿದರು. ಕೋಚ್ ಮೆಟ್ಟಿಲ ಹತ್ತಿರ ನಿಂತಿದ್ದರು. "ಎಡಗೈ ಚೆನ್ನಾಗಿತ್ತು," ಅಂದರು.

ಅಮ್ಮ ಮೊದಲ ಸಲ ಮೈದಾನಕ್ಕೆ ಬಂದದ್ದು ಅವತ್ತೇ. ಹೆಂಡತಿ ರಜೆ ಹಾಕಿ ವೆಂಬ್ಲಿಗೆ ಹೋಗಿ ಕರೆದುಕೊಂಡು ಬಂದಿದ್ದಳು. ಇಡೀ ದಿನ ಬಿಸಿಲಲ್ಲಿ ಕೂತು, ನನ್ನನ್ನು ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲವಂತೆ. ನಾನು ಸ್ನಾನ ಮಾಡಿ ಹೊರಗೆ ಬಂದಾಗ ಸೀದಾ ಬಂದು ನನ್ನ ಬಲ ಮೊಣಕೈ ಹಿಡಿದಳು. ಗಿಡ್ಡ ತೋಳಿನ ಅಂಗಿಯಿಂದ ಹೊರಗಿದ್ದ ಆ ಡೊಂಕನ್ನು ಹೆಬ್ಬೆರಳಿನಿಂದ ಸವರಿದಳು.

"ನೋಯ್ತಿತ್ತಾ?"

"ಇಲ್ಲ. ಕಾಲು ನೋಯ್ತದೆ."

"ಕಾಲ್ ನೋಯ್ದೆ ಇರ್ತಾ? ಬೆಳಿಗ್ಗಿಂದ ಅಡ್ಡಾಡೂದೇ ಆಯ್ತಲೆ," ಅಂದಳು.

ಕಾರು ಬಸ್ಸು ಯಾವುದೂ ಬೇಡವೆಂದು ಟ್ರ್ಯಾಮ್ ಹತ್ತಿದೆವು. ಸಂಜೆ ಏಳು ಗಂಟೆ, ಬಿಸಿಲು ಇನ್ನೂ ಇತ್ತು. ಅಮ್ಮ ಕಿಟಕಿ ಪಕ್ಕ, ನಡುವೆ ನಾನು, ಈ ಕಡೆ ಹೆಂಡತಿ. ಅಪ್ಪನಿಗೆ ಫೋನು ಮಾಡಿ ಗೆದ್ದೆವು ಎಂದು ಹೇಳಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಟ್ರ್ಯಾಮ್ ನಿಂತಿತ್ತು, ಡ್ರೈವರ್ ಇಳಿದು ಇನ್ನೊಂದು ತುದಿಗೆ ಹೋಗುತ್ತಿದ್ದ. ಬೋರ್ಡು ನೋಡಿದರೆ ವಿಂಬಲ್ಡನ್. ಕ್ರೋಯ್ಡನ್ ದಾಟಿ, ಹಳಿ ಮುಗಿಯುವಲ್ಲಿಗೆ ಬಂದಿದ್ದೆವು.

"ಎಬ್ಬಿಸಬಾರದಿತ್ತಾ?" ಅಂದೆ.

"ನಾನು ಎಬ್ಬಿಸ್ತೀನಿ ಅಂದೆ," ಅಂದಳು ಹೆಂಡತಿ. "ಅತ್ತೆ ಬಿಡಲಿಲ್ಲ."

ಅಮ್ಮ ಚೀಲದಿಂದ ಉಳಿದಿದ್ದ ಚಕ್ಕುಲಿ ತೆಗೆದು ನನ್ನ ಕೈಗೆ ಕೊಟ್ಟಳು. "ಇದೇ ಗಾಡಿ ವಾಪಸ್ ಹೋತಿಲ್ಯಾ? ಕೂಕೊ," ಅಂದಳು. ಟ್ರ್ಯಾಮ್ ಹೊರಟಿತು, ಬಂದ ದಾರಿಯಲ್ಲೇ, ಮತ್ತೆ ಕ್ರೋಯ್ಡನ್ ಕಡೆಗೆ.